ಇಂಗ್ಲಿಷಿನ ಗುಚ್ಛಕ್ರಿಯೆಗಳೂ ಘಟ್ಟದ ಮೇಲಿನ ಕನ್ನಡವೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಭೂಮಿ ಹಾಗೂ ಅರಣ್ಯಗಳ ಇತಿಹಾಸವನ್ನು ಅಭ್ಯಸಿಸಲು ಹೊರಟವರಿಗೆ ಇಂಗ್ಲಿಷ್ ಕಾಗದಪತ್ರಗಳನ್ನು ಓದದೆ ಗತ್ಯಂತರವಿಲ್ಲ. ಕೆನರಾ ಜಿಲ್ಲೆಯ ಉತ್ತರಭಾಗವು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಈ ನಡುವಣ ತೊಂಬತ್ತನಾಲ್ಕು ವರ್ಷಗಳ ಕಂದಾಯದ ವರದಿಗಳು, ಅರಣ್ಯ ಖಾತೆಯ ಠರಾವುಗಳು, 1883ರಲ್ಲಿ ಎರಡು ಭಾಗಗಳಾಗಿ ಹೊರಬಂದ ಮುಂಬಯಿ ಗ್ಯಾಝೆಟಿಯರಿನ ಕೆನರಾ ಸಂಪುಟ, ಇವೆಲ್ಲವುಗಳ ಮುಖ್ಯ ಭಾಷೆ ಇಂಗ್ಲಿಷೇ ಆಗಿದೆ. ಇವುಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ದೊಡ್ಡ ದೊಡ್ಡ ಶಬ್ದಗಳ ಮುಂದೆ ನಿಲ್ಲುವುದಿಲ್ಲ. ಲ್ಯಾಟಿನ್ ಮೂಲದ ಭಾರವಾದ ಶಬ್ದವೊಂದು ಎದುರಾದರೆ ಕೋಶವನ್ನು ತೆರೆದು ನೋಡುತ್ತಾರೆ, ಅಲ್ಲಿಗೆ ಸಮಸ್ಯೆ ತೀರಿತು. ಎಡವುವುದೆಲ್ಲ ಚಿಕ್ಕ ಶಬ್ದಗಳಲ್ಲಿ. ಕೋಶವನ್ನು ನೋಡಬೇಕೆಂದು ತೋರದಷ್ಟು ಪರಿಚಿತವಾದ ಶಬ್ದಗಳಲ್ಲಿ.

ಒಂದು ಉದಾಹರಣೆಯಿಂದ ವಿಷಯವು ಸ್ಪಷ್ಟವಾದೀತು. ಕಂದಾಯದ ಬರವಣಿಗೆಯಲ್ಲಿ ಜಮೀನು ‘ಟೇಕನ್ ಅಪ್’ ಆಯಿತು ಎಂಬ ಪ್ರಯೋಗವು ಪದೇ ಪದೇ ಬರುತ್ತದೆ. ಬೀಳುಬಿದ್ದ ಭೂಮಿಯು ಸಾಗುವಳಿಗಾಗಿ ‘ಟೇಕನ್ ಅಪ್’ ಆಯಿತೆಂದರೆ ರೈತನು ಅದನ್ನು ಹಿಡಿದು ಉಳತೊಡಗಿದನೆಂದರ್ಥ. ಅದೇ ಭೂಮಿಯು ಸಾರ್ವಜನಿಕ ಕಾರ್ಯಕ್ಕಾಗಿ ‘ಟೇಕನ್ ಅಪ್’ ಆಯಿತೆಂದರೆ ಸರಕಾರವು ರೈತನಿಂದ ಅದನ್ನು ವಶಪಡಿಸಿಕೊಂಡಿತೆಂದರ್ಥ. ಒಂದರಲ್ಲಿ ಭೂಮಿಯು ರೈತನ ಕೈಗೆ ಬರುತ್ತದೆ. ಇನ್ನೊಂದರಲ್ಲಿ ಅವನ ಕೈಯಿಂದ ಹೋಗುತ್ತದೆ. ಎರಡನ್ನೂ ‘ತೆಗೆದುಕೊಳ್ಳಲಾಯಿತು’ ಎಂದು ಕನ್ನಡಿಸಿದರೆ ವ್ಯಾಕರಣದ ದೃಷ್ಟಿಯಿಂದ ದೋಷವಿಲ್ಲ. ಇತಿಹಾಸದ ದೃಷ್ಟಿಯಿಂದ ಸರ್ವನಾಶವೇ ಸರಿ. ಭಾಷಾಶಾಸ್ತ್ರವು ನಮ್ಮ ವಿಷಯವಲ್ಲದಿದ್ದರೂ ಇಂಗ್ಲಿಷಿನ ಈ ವಿಶಿಷ್ಟ ಪ್ರಯೋಗಗಳ ಸ್ವರೂಪವೇನು, ನಿತ್ಯದ ಮಾತಿನಲ್ಲಿಯೂ ಬರಹದಲ್ಲಿಯೂ ಅವು ಹೇಗೆ ನಡೆಯುತ್ತವೆ, ನಮ್ಮ ಭಾಗದ ಕನ್ನಡವು ಅವುಗಳನ್ನು ಹೇಗೆ ಬರಮಾಡಿಕೊಂಡಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಇದೇ ಕಾರಣ.

ಇಂಗ್ಲಿಷ್ ವ್ಯಾಕರಣಜ್ಞರು ಈ ಪ್ರಯೋಗಕ್ಕೆ ‘ಫ್ರೇಸಲ್ ವರ್ಬ್’ ಎಂದು ಹೆಸರಿಟ್ಟಿದ್ದಾರೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕನು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರನ್ನು ಬಳಸಿ, ಇದನ್ನು ಸೂಚಿಸಿದವನು ಆಕ್ಸ್‌ಫರ್ಡ್ ಕೋಶದ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರ್ಯಾಡ್ಲಿಯೆಂದು ತಿಳಿಸಿದ್ದಾನೆ. ನಾವು ಇಲ್ಲಿ ಇದನ್ನು ‘ಗುಚ್ಛಕ್ರಿಯೆ’ ಎಂದು ಕರೆಯುವೆವು. ಸಾಮಾನ್ಯವಾದೊಂದು ಕ್ರಿಯಾಪದ, ಅದರ ಬೆನ್ನಿಗೆ ‘ಅಪ್’, ‘ಡೌನ್’, ‘ಔಟ್’, ‘ಆಫ್’, ‘ಇನ್’, ‘ಓವರ್’ ಮೊದಲಾದ ಅವ್ಯಯಗಳಲ್ಲೊಂದು, ಎರಡೂ ಕೂಡಿದಾಗ ಬಿಡಿ ಅರ್ಥಗಳ ಮೊತ್ತವಲ್ಲದ ಹೊಸದೊಂದು ಅರ್ಥ: ಇಷ್ಟು ಇದರ ಲಕ್ಷಣ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ಮೇಲೆ ಕೊಡುವುದಲ್ಲ, ಕೈಬಿಡುವುದು.

ಎಲ್ಲ ಕಡೆಯೂ ಈ ಹೊಸ ಅರ್ಥವು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಶಿರಸಿಯವನು ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ‘ಗೋ ಡೌನ್’ ಮಾಡಿದರೆ ಅದು ಅಕ್ಷರಶಃ ಇಳಿಯುವಿಕೆಯೇ. ಅಲ್ಲಿ ಗುಚ್ಛಕ್ರಿಯೆಯೆಂಬುದೇ ಇಲ್ಲ. ಅಡಿಕೆಯ ಧಾರಣೆಯು ‘ಗೋ ಡೌನ್’ ಆಯಿತೆಂದಾಗ ಇಳಿತವು ಲಾಕ್ಷಣಿಕವಾಯಿತು. ಆದರೂ ಕನ್ನಡದಲ್ಲಿಯೂ ಧಾರಣೆಯು ‘ಇಳಿಯು’ವುದರಿಂದ ಯಾರಿಗೂ ತೊಡಕಾಗದು. ಒಬ್ಬನು ಜ್ವರದಿಂದ ‘ಗೋ ಡೌನ್’ ಆದನೆಂದಾಗ ಮಾತ್ರ ಘಟ್ಟವೂ ಇಲ್ಲ, ಧಾರಣೆಯೂ ಇಲ್ಲ. ಅವನು ಹಾಸಿಗೆ ಹಿಡಿದನೆಂದೇ ತಿಳಿಯಬೇಕು. ಕಲಿಯುವವನಿಗೆ ಮೊದಲನೆಯದು ಸುಲಭವಾದುದರಿಂದಲೇ ಮೂರನೆಯದು ಅಪಾಯಕಾರಿಯಾಗುತ್ತದೆ.

ಇನ್ನೆರಡು ಲಕ್ಷಣಗಳನ್ನು ಹೇಳಿ ಮುಂದುವರಿಯಬಹುದು. ಕರ್ಮಪದವು ಸರ್ವನಾಮವಾದಲ್ಲಿ ಅದು ಅನೇಕ ಗುಚ್ಛಕ್ರಿಯೆಗಳಲ್ಲಿ ಕ್ರಿಯೆ ಮತ್ತು ಅವ್ಯಯಗಳ ನಡುವೆಯೇ ಕುಳಿತುಕೊಳ್ಳಬೇಕು. ‘ಪುಟ್ ಇಟ್ ಆಫ್’ ಎನ್ನಬೇಕೇ ಹೊರತು ‘ಪುಟ್ ಆಫ್ ಇಟ್’ ಎನ್ನಲಾಗದು. ಆದರೆ ‘ಲುಕ್ ಆಫ್ಟರ್’ ಎಂಬಂಥ ಕಡೆಗಳಲ್ಲಿ ಈ ಅಗಲಿಕೆಯು ಸಲ್ಲದು. ಎರಡನೆಯದು ಸ್ವರಭಾರ. ಕ್ರಿಯೆಯಾಗಿ ನಿಂತಾಗ ‘ಚೆಕ್ ಅಪ್’ ಎಂಬಲ್ಲಿ ಒತ್ತು ಕೊನೆಯ ಅವ್ಯಯದ ಮೇಲೆ. ನಾಮಪದವಾಗಿ ‘ಚೆಕಪ್’ ಎಂದಾಗ ಒತ್ತು ಮೊದಲಿಗೆ ಸರಿಯುತ್ತದೆ, ಎರಡು ಶಬ್ದಗಳೂ ಬೆಸೆದು ಒಂದಾಗುತ್ತವೆ. ಕನ್ನಡವು ಈ ಬೆಸೆದ ರೂಪವನ್ನೇ ಹೆಚ್ಚಾಗಿ ಆರಿಸಿಕೊಂಡಿತೆಂಬುದನ್ನು ಮುಂದೆ ಕಾಣುವೆವು.

ಈ ಪ್ರಯೋಗಗಳ ತೊಡಕನ್ನು ನಾವೇ ಮೊದಲು ಕಂಡವರಲ್ಲ. ಸ್ಯಾಮ್ಯುಅಲ್ ಜಾನ್ಸನ್ನನು 1755ರ ತನ್ನ ಕೋಶದ ಮುನ್ನುಡಿಯಲ್ಲಿ, ಕ್ರಿಯೆಗೆ ಅವ್ಯಯವನ್ನು ಜೋಡಿಸಿ ಅರ್ಥವನ್ನು ಮಾರ್ಪಡಿಸುವ ಕ್ರಮವು ಇಂಗ್ಲಿಷಿನಲ್ಲಿ ಬಹಳವೆಂದೂ, ಪರದೇಶೀಯರಿಗೆ ಅತಿ ಹೆಚ್ಚು ಕಷ್ಟವಾಗುವುದು ಇದೇ ಎಂದೂ ಹೇಳಿ, ಇವುಗಳನ್ನು ವಿಶೇಷ ಶ್ರಮದಿಂದ ಸಂಗ್ರಹಿಸಿದುದಾಗಿ ತಿಳಿಸಿದ್ದಾನೆ. ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ಇಂಥ ಅವ್ಯಯಗಳು ಬಹುಮಟ್ಟಿಗೆ ಕ್ರಿಯೆಯ ಮುಂದೆ, ನಮ್ಮ ಉಪಸರ್ಗಗಳಂತೆ, ಅಂಟಿಕೊಂಡಿದ್ದವು. ಕಾಲಕ್ರಮದಲ್ಲಿ ಮುಂದಿದ್ದವುಗಳು ಸವೆದುಹೋಗಿ, ಹಿಂದೆ ಬರುವ ಪದ್ಧತಿಯು ಬಲಿಯಿತು. ಇಂಗ್ಲೆಂಡಿನಲ್ಲಿ ನೆಲೆಯೂರಿದ ಸ್ಕ್ಯಾಂಡಿನೇವಿಯದವರ ಭಾಷೆಯೂ ಇದಕ್ಕೆ ನೆರವಾಯಿತೆಂದು ವಿದ್ವಾಂಸರ ಅಭಿಪ್ರಾಯ. 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚ್ ಹಾಗೂ ಲ್ಯಾಟಿನ್ ಶಬ್ದಗಳು ಪ್ರವಾಹದಂತೆ ಬಂದು ಆಸ್ಥಾನ, ನ್ಯಾಯಾಲಯ, ಮಠಗಳನ್ನು ಆಕ್ರಮಿಸಿದವು. ಗುಚ್ಛಕ್ರಿಯೆಗಳು ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ಉಳಿದುಕೊಂಡವು. ‘ಪೋಸ್ಟ್‌ಪೋನ್’ ಮತ್ತು ‘ಪುಟ್ ಆಫ್’, ‘ಟಾಲರೇಟ್’ ಮತ್ತು ‘ಪುಟ್ ಅಪ್ ವಿತ್’, ‘ಇನ್ವೆಸ್ಟಿಗೇಟ್’ ಮತ್ತು ‘ಲುಕ್ ಇಂಟು’ ಎಂಬ ಜೋಡಿಗಳು ಈ ಇಬ್ಬಗೆಯ ಪರಂಪರೆಯ ಫಲ. ನಮ್ಮಲ್ಲಿ ‘ಸಹಿಸು’ ಮತ್ತು ‘ತಾಳಿಕೊ’ ಎರಡೂ ಇರುವಂತೆಯೇ ಇದು.

ಸಂಸ್ಕೃತವನ್ನು ಬಲ್ಲವರಿಗೆ ಇದರ ತತ್ತ್ವವು ಹೊಸದಲ್ಲ. ‘ಗಮ್’ ಧಾತುವೊಂದೇ ಆದರೂ ಆಗಮನ, ನಿರ್ಗಮನ, ಸಂಗಮ, ಅನುಗಮನಗಳು ಬೇರೆ ಬೇರೆ. ವೇದಭಾಷೆಯಲ್ಲಂತೂ ಉಪಸರ್ಗವು ಕ್ರಿಯೆಯಿಂದ ಅಗಲಿ, ನಡುವೆ ಬೇರೆ ಶಬ್ದಗಳಿಗೆ ಎಡೆಗೊಟ್ಟು ನಿಲ್ಲಬಲ್ಲುದು. ಇಂಗ್ಲಿಷಿನ ಅವ್ಯಯದ ಅಗಲಿಕೆಯನ್ನು ಕಂಡು ಬೆರಗಾಗುವವರು ಇದನ್ನು ನೆನೆಯಬೇಕು.

ಕನ್ನಡದಲ್ಲಿ ಇದಕ್ಕೆ ಸಮಾನವಾದುದು ಏನೂ ಇಲ್ಲವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ನಾವು ಒಪ್ಪುವುದಿಲ್ಲ. ಇಂಗ್ಲಿಷು ದಿಕ್ಕುಗಳಿಂದ ಮಾಡಿಸುವ ಕೆಲಸವನ್ನು ಕನ್ನಡವು ಎರಡು ಬಗೆಯಾಗಿ ಮಾಡಿಸುತ್ತದೆ. ಒಂದು, ಅಂಗಾಂಗಗಳಿಂದ. ಕೈಬಿಡು, ಕೈಗೊಳ್ಳು, ಕೈಕೊಡು, ತಲೆದೋರು, ತಲೆದೂಗು, ಬಾಯ್ಬಿಡು, ಕಾಲ್ತೆಗೆ, ಬೆನ್ನಟ್ಟು, ಮೈಮರೆ. ಇವುಗಳಲ್ಲಿ ಒಂದನ್ನಾದರೂ ಬಿಡಿಸಿ ಅರ್ಥ ಹೇಳಲು ಸಾಧ್ಯವೇ? ಸ್ನೇಹಿತನು ಕೈಕೊಟ್ಟನೆಂದರೆ ಅವನು ಕೈ ನೀಡಿದನೆಂದು ತಿಳಿಯುವ ಪರದೇಶೀಯನ ಪಾಡು, ‘ಗಿವ್ ಅಪ್’ ಎಂಬುದನ್ನು ಮೇಲೆ ಕೊಡುವುದೆಂದು ತಿಳಿಯುವ ನಮ್ಮ ವಿದ್ಯಾರ್ಥಿಯ ಪಾಡಿಗಿಂತ ಬೇರೆಯಲ್ಲ. ನಾಮಪದವು ಕ್ರಿಯೆಯೊಡನೆ ಸಮಾಸಗೊಳ್ಳುವ ಈ ಬಗೆಯನ್ನು ಹದಿಮೂರನೆಯ ಶತಮಾನದ ಕೇಶಿರಾಜನೇ ಕ್ರಿಯಾಸಮಾಸವೆಂದು ಗುರುತಿಸಿದ್ದಾನೆ. ‘ಗಿವ್ ಅಪ್’ಗೆ ಕೈಬಿಡು, ‘ಟೇಕ್ ಅಪ್’ಗೆ ಕೈಗೊಳ್ಳು, ‘ಕ್ರಾಪ್ ಅಪ್’ಗೆ ತಲೆದೋರು, ‘ಬ್ಯಾಕ್ ಔಟ್’ಗೆ ಕಾಲ್ತೆಗೆ, ‘ಲೆಟ್ ಡೌನ್’ಗೆ ಕೈಕೊಡು: ಇಷ್ಟು ನಿಕಟವಾದ ಸಾಟಿಯು ಸಂಸ್ಕೃತದ ತತ್ಸಮಗಳಿಂದ ದೊರೆಯಲಾರದು.

ಇನ್ನೊಂದು ಬಗೆಯೆಂದರೆ ಕ್ರಿಯೆಯ ಮೇಲೆ ಕ್ರಿಯೆಯನ್ನು ಹೇರುವುದು. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದು ಮುಗಿಸು. ಇಲ್ಲಿ ‘ಅಪ್’ ಎಂಬುದಕ್ಕೂ ಮೇಲಕ್ಕೂ ಸಂಬಂಧವಿಲ್ಲ. ಅದು ಕ್ರಿಯೆಯ ಪೂರ್ಣತೆಯನ್ನು ಮಾತ್ರ ತೋರಿಸುತ್ತದೆ. ನಾವು ‘ತಿಂದುಬಿಡು’, ‘ತಿಂದುಹಾಕು’ ಎನ್ನುವಾಗ ಬಿಡುವುದೂ ಇಲ್ಲ, ಹಾಕುವುದೂ ಇಲ್ಲ. ಹವ್ಯಕರ ಮನೆಮಾತಿನಲ್ಲಿ ಕೇಳಿಬರುವ ‘ಉಂಡಿಕ್ಕಿ ಹೋಗು’ ಎಂಬಲ್ಲಿಯ ‘ಇಕ್ಕು’ ಸಹ ಇದೇ ಕುಲದ್ದು; ಇಡುವ ಅರ್ಥವು ಅಳಿದು, ಊಟವು ಮುಗಿದ ಮೇಲೆ ಹೊರಡಬೇಕೆಂಬ ಆಗ್ರಹ ಮಾತ್ರ ಉಳಿದಿದೆ. ಮುರಿದುಹೋಯಿತು, ಒಡೆದುಹೋಯಿತು ಎಂಬಲ್ಲಿಯ ‘ಹೋಗು’, ಬರೆದುಕೊ, ಇಟ್ಟುಕೊ ಎಂಬಲ್ಲಿಯ ‘ಕೊಳ್ಳು’, ಎತ್ತಿಹಿಡಿ, ತಳ್ಳಿಹಾಕು, ಬಿಟ್ಟುಕೊಡು ಎಂಬ ಗಟ್ಟಿಯಾದ ಜೋಡಣೆಗಳು, ಇವೆಲ್ಲವೂ ಗುಚ್ಛಕ್ರಿಯೆಯ ಕನ್ನಡದ ದಾಯಾದಿಗಳು. ವ್ಯತ್ಯಾಸವು ಇಷ್ಟೇ: ಇಂಗ್ಲಿಷಿನಲ್ಲಿ ಅರ್ಥವನ್ನು ತಿರುಗಿಸುವ ಚಿಕ್ಕ ಶಬ್ದವು ಅವ್ಯಯ; ಕನ್ನಡದಲ್ಲಿ ಅದು ಅಂಗನಾಮವೋ ಸಹಾಯಕ ಕ್ರಿಯೆಯೋ ಆಗಿದೆ.

ಇನ್ನು ಆಡುಮಾತು. ಶಿರಸಿಯ ಪೇಟೆಯಲ್ಲಿ, ಸಿದ್ದಾಪುರದ ಬಸ್ ನಿಲ್ದಾಣದಲ್ಲಿ, ಯಲ್ಲಾಪುರದ ಚಹಾದಂಗಡಿಯಲ್ಲಿ ಕಿವಿಗೊಟ್ಟು ಕೇಳಿದವರಿಗೆ, ಇಂಗ್ಲಿಷನ್ನು ಕಲಿತಿಲ್ಲವೆಂದು ಹೇಳಿಕೊಳ್ಳುವವರ ಬಾಯಲ್ಲಿಯೂ ಗುಚ್ಛಕ್ರಿಯೆಗಳ ತುಣುಕುಗಳು ಧಾರಾಳವಾಗಿ ಬರುವುದು ತಿಳಿದೀತು. ಆದರೆ ಅವು ಹಾಗೆಯೇ ಬಂದಿಲ್ಲ. ಇಂಗ್ಲಿಷ್ ಕ್ರಿಯೆಗೆ ನಮ್ಮ ಕಾಲಪ್ರತ್ಯಯಗಳನ್ನು ನೇರವಾಗಿ ಹಚ್ಚುವುದು ಕನ್ನಡಕ್ಕೆ ಒಗ್ಗದು. ಆದುದರಿಂದ ಕನ್ನಡವು ಬಂದ ಶಬ್ದವನ್ನು ಮೊದಲು ನಾಮಪದವನ್ನಾಗಿ ಮಾಡಿ ಕೂರಿಸಿ, ಪಕ್ಕದಲ್ಲಿ ತನ್ನ ‘ಮಾಡು’ ಅಥವಾ ‘ಆಗು’ ಎಂಬುದನ್ನು ಕಾವಲಿಗೆ ನಿಲ್ಲಿಸುತ್ತದೆ.

ಕೆಲವೆಡೆ ಇಡಿಯ ಗುಚ್ಛವೇ ಬರುತ್ತದೆ. ದವಾಖಾನೆಗೆ ಹೋಗಿ ‘ಚೆಕಪ್’ ಮಾಡಿಸುವುದು, ಮದುವೆಯ ಮನೆಯಲ್ಲಿ ‘ಮೇಕಪ್’, ಚುನಾವಣೆಯ ‘ಕಟೌಟ್’, ಪಟ್ಟಣದಂಚಿನ ‘ಲೇಔಟ್’, 2020ರಲ್ಲಿ ಹಳ್ಳಿಹಳ್ಳಿಗೂ ಪರಿಚಿತವಾದ ‘ಲಾಕ್‌ಡೌನ್’. ಬಸ್ಸು ಅರಬೈಲು ಘಟ್ಟದಲ್ಲಿ ‘ಬ್ರೇಕ್‌ಡೌನ್’ ಆಗಿ ನಿಂತಿತೆಂದು ಹೇಳುವವನಿಗೆ ಅದು ಎರಡು ಶಬ್ದಗಳಿಂದಾದುದೆಂಬ ಅರಿವೇ ಇರುವುದಿಲ್ಲ; ಇರಬೇಕಾದ ಅಗತ್ಯವೂ ಇಲ್ಲ. ‘ಪಿಕಪ್’ ಎಂಬ ಶಬ್ದದ ಪ್ರವಾಸವು ಇನ್ನೂ ವಿಚಿತ್ರವಾದುದು. ಒಬ್ಬರನ್ನು ನಿಲ್ದಾಣದಿಂದ ಕರೆತರುವುದು ‘ಪಿಕಪ್’ ಮಾಡುವುದು. ಗೊಬ್ಬರವನ್ನೋ ಬಾಳೆಗೊನೆಯನ್ನೋ ಹೇರುವ ಚಿಕ್ಕ ವಾಹನವೂ ‘ಪಿಕಪ್’. ಏರಿನಲ್ಲಿ ವೇಗ ಹಿಡಿಯದ ಗಾಡಿಗೆ ‘ಪಿಕಪ್ ಇಲ್ಲ’. ಘಟ್ಟದ ದಾರಿಗಳ ನಡುವೆ ಬದುಕುವ ಜನಕ್ಕೆ ಈ ಮೂರನೆಯ ಅರ್ಥವೇ ಹೆಚ್ಚು ಬೇಕಾದುದೆಂದರೆ ಆಶ್ಚರ್ಯವಿಲ್ಲ.

ಕೆಲವೆಡೆ ಅವ್ಯಯವು ಉದುರಿ ಕ್ರಿಯೆ ಮಾತ್ರ ಉಳಿಯುತ್ತದೆ. ‘ಕಟ್ ಆಫ್’ ಆಗಬೇಕಾದ ದೂರವಾಣಿಯು ಬರಿದೇ ‘ಕಟ್ ಆಯಿತು’; ಮನೆಯವರೆಗೆ ಬಿಡುವುದು ‘ಡ್ರಾಪ್’ ಮಾಡುವುದು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ‘ಸೆಟ್ಲ್ ಆಗು’. ಮಗನು ಬೆಂಗಳೂರಿನಲ್ಲಿ ಸೆಟ್ಲ್ ಆದನೆಂಬ ಮಾತು ಇಂದು ಈ ಮೂರು ತಾಲೂಕುಗಳ ಅನೇಕ ತೋಟದ ಮನೆಗಳಲ್ಲಿ, ಬಹುಶಃ ವೃದ್ಧರಿಬ್ಬರೇ ಇರುವ ಜಗುಲಿಯ ಮೇಲೆ, ಕೇಳಿಬರುತ್ತದೆ. ಇಂಗ್ಲಿಷಿನ ‘ಸೆಟ್ಲ್ ಡೌನ್’ ಎಂಬುದರಲ್ಲಿ ಅಲೆದಾಟವು ಮುಗಿದು ನೆಲಹಿಡಿದು ಕೂರುವ ಭಾವವಿದೆ. ಕನ್ನಡದ ‘ನೆಲೆಯೂರು’ ಎಂಬುದರಲ್ಲಿಯೂ ಅದು ಇದೆ. ನಮ್ಮ ಜನ ‘ನೆಲೆಯೂರಿದ’ ಎಂದು ಹೇಳದೆ ‘ಸೆಟ್ಲ್ ಆದ’ ಎನ್ನುವುದೇಕೆ? ನೆಲೆಯು ಇಲ್ಲಿಯೇ ಇದೆ, ಅಲ್ಲಿರುವುದು ಉದ್ಯೋಗವಷ್ಟೆ ಎಂಬ ಅಳುಕು ಅದರಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ಇದು ಊಹೆ, ಓದುಗರು ಒಪ್ಪಬೇಕೆಂಬ ಹಟವಿಲ್ಲ.

ಮೂರನೆಯ ರೀತಿಯು ನಮ್ಮ ಮಟ್ಟಿಗೆ ಅತ್ಯಂತ ಕುತೂಹಲಕರವಾದುದು. ಇಲ್ಲಿ ಕನ್ನಡವು ಇಂಗ್ಲಿಷಿನ ಮುಖ್ಯ ಕ್ರಿಯೆಯನ್ನೇ ಎಸೆದು ಅವ್ಯಯವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆಂಗ್ಲನು ‘ಸ್ವಿಚ್ ಆನ್’ ಎಂದರೆ ನಾವು ‘ಆನ್ ಮಾಡು’ ಎನ್ನುತ್ತೇವೆ. ‘ಸ್ವಿಚ್ ಆಫ್’ ಎಂಬುದು ‘ಆಫ್ ಮಾಡು’. ಕ್ರಿಕೆಟಿನಲ್ಲಿ ‘ಔಟ್ ಆದ’, ವಾಹನದ ಬ್ಯಾಟರಿ ‘ಡೌನ್ ಆಯಿತು’, ಚಾಲಿಯ ಧಾರಣೆಯೂ ‘ಡೌನ್ ಆಯಿತು’. ಇದು ಅಜ್ಞಾನದ ಫಲವೆಂದು ಮೂಗುಮುರಿಯುವವರಿದ್ದಾರೆ. ನಿಜ ನೋಡಿದರೆ ಇದರಲ್ಲಿ ಸೂಕ್ಷ್ಮವಾದ ತಿಳುವಳಿಕೆಯಿದೆ. ‘ಸ್ವಿಚ್ ಆಫ್’, ‘ಟರ್ನ್ ಆಫ್’, ‘ಪುಟ್ ಆಫ್’ ಎಂದು ದೀಪವನ್ನು ಆರಿಸಲು ಇಂಗ್ಲಿಷಿನಲ್ಲಿ ಕ್ರಿಯೆಗಳು ಹಲವು. ಅರ್ಥವನ್ನು ಹೊತ್ತುದು ‘ಆಫ್’ ಒಂದೇ. ಅರ್ಥವಿರುವಲ್ಲಿ ಕೈಯಿಟ್ಟು ಕನ್ನಡವು ಅದನ್ನೇ ಎತ್ತಿಕೊಂಡಿದೆ. ಮೇಲಾಗಿ ‘ಮಾಡು’, ‘ಆಗು’ಗಳ ಭೇದದಿಂದ ಇಂಗ್ಲಿಷಿಗಿಂತ ಸ್ಪಷ್ಟತೆಯನ್ನೂ ಸಾಧಿಸಿದೆ. ‘ಆಫ್ ಮಾಡಿದರು’ ಎಂದರೆ ಯಾರೋ ಆರಿಸಿದರು, ‘ಆಫ್ ಆಯಿತು’ ಎಂದರೆ ತಾನಾಗಿ ಆರಿತು. ಇಂಗ್ಲಿಷಿನ ‘ವೆಂಟ್ ಆಫ್’ ಎಂಬುದಾದರೋ ಬಹುರೂಪಿ: ದೀಪ ‘ವೆಂಟ್ ಆಫ್’ ಎಂದರೆ ಆರಿತು, ಗಡಿಯಾರದ ಗಂಟೆ ‘ವೆಂಟ್ ಆಫ್’ ಎಂದರೆ ಬಾರಿಸಿತು, ಹಾಲು ‘ವೆಂಟ್ ಆಫ್’ ಎಂದರೆ ಕೆಟ್ಟಿತು, ಬಂದೂಕು ‘ವೆಂಟ್ ಆಫ್’ ಎಂದರೆ ಹಾರಿತು.

ಇದರ ನಡುವೆ ಸ್ವಂತ ಶಬ್ದವು ಗೆದ್ದ ಸ್ಥಳಗಳನ್ನೂ ಹೇಳಬೇಕು. ದೂರವಾಣಿಯ ಮಾತು ಮುಗಿದರೆ ಇಂಗ್ಲಿಷಿನವನು ‘ಹ್ಯಾಂಗ್ ಅಪ್’ ಮಾಡುತ್ತಾನೆ. ಗೋಡೆಗೆ ತೂಗುಹಾಕುತ್ತಿದ್ದ ಹಳೆಯ ಯಂತ್ರದ ನೆನಪು ಆ ಶಬ್ದದಲ್ಲಿದೆ. ನಮ್ಮವರು ‘ಫೋನ್ ಇಟ್ಟರು’, ಬಂದ ಕರೆಯನ್ನು ‘ಎತ್ತಿದರು’. ಕಿಸೆಯಲ್ಲಿಡುವ ಯಂತ್ರವು ಬಂದ ಮೇಲೂ ಇಡುವುದು, ಎತ್ತುವುದು ಬಿಟ್ಟುಹೋಗಿಲ್ಲ.

ಬರಹಕ್ಕೆ ಬಂದರೆ ಪರಿಸ್ಥಿತಿಯು ಬೇರೆ. ಗುಚ್ಛಕ್ರಿಯೆಗಳೆಲ್ಲ ಆಡುಮಾತಿಗೇ ಮೀಸಲು, ಗಂಭೀರ ಬರಹದಲ್ಲಿ ಅವು ಸಲ್ಲವು ಎಂದು ಶಾಲೆಗಳಲ್ಲಿ ಹೇಳಿಕೊಡುವುದುಂಟು. ಇದು ಅರ್ಧಸತ್ಯ. ‘ಕ್ಯಾರಿ ಔಟ್’, ‘ಸೆಟ್ ಅಪ್’, ‘ಬ್ರಿಂಗ್ ಅಬೌಟ್’, ‘ಸೆಟ್ ಅಸೈಡ್’ ಮೊದಲಾದವು ಕಾಯಿದೆಯಲ್ಲಿಯೂ ನ್ಯಾಯನಿರ್ಣಯದಲ್ಲಿಯೂ ನಿರ್ಭಯವಾಗಿ ಓಡಾಡುತ್ತವೆ. ಮೇಲಿನ ನ್ಯಾಯಾಲಯವು ಕೆಳಗಿನದರ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿತೆಂದರೆ ಬದಿಗಿಟ್ಟಿತೆಂದಲ್ಲ, ರದ್ದುಪಡಿಸಿತೆಂದೇ ಅರ್ಥ. ನಮ್ಮ ಕಚೇರಿಗಳಲ್ಲಿ ಕಡತವನ್ನು ‘ಪುಟಪ್’ ಮಾಡುವುದು ಇನ್ನೂ ನಡೆದಿದೆ. ಅದಕ್ಕೆ ‘ಮಂಡಿಸು’ ಎಂಬ ಚೊಕ್ಕ ಶಬ್ದವಿದ್ದರೂ ಬಾಯಿಗೆ ಬರುವುದು ಹಳೆಯದೇ.

ಅರ್ಜಿಯ ನಮೂನೆಯನ್ನು ಕುರಿತು ಒಂದು ಮಾತು. ಅದನ್ನು ಇಂಗ್ಲೆಂಡಿನವರು ‘ಫಿಲ್ ಇನ್’ ಮಾಡುತ್ತಾರೆ, ಅಮೆರಿಕದವರು ‘ಫಿಲ್ ಔಟ್’ ಮಾಡುತ್ತಾರೆ, ಭಾರತೀಯರು ‘ಫಿಲ್ ಅಪ್’ ಮಾಡುತ್ತಾರೆ. ಒಳಗೆ, ಹೊರಗೆ, ಮೇಲೆ ಎಂಬ ಮೂರು ದಿಕ್ಕುಗಳು, ಕೆಲಸವೊಂದೇ. ಹೀಗಿರುವಾಗ ಅವ್ಯಯಗಳಲ್ಲಿ ತರ್ಕವನ್ನು ಹುಡುಕುವುದಕ್ಕೂ ಒಂದು ಮಿತಿಯುಂಟು. ಭಾರತದಲ್ಲಿ ಪದವಿ ಪಡೆದು ಹೊರಬಿದ್ದವನು ‘ಪಾಸೌಟ್ ಆದ’. ಇಂಗ್ಲೆಂಡಿನಲ್ಲಿ ಸೈನಿಕ ಶಾಲೆಯನ್ನು ಬಿಟ್ಟು ಬೇರೆಡೆ ‘ಪಾಸ್ ಔಟ್’ ಆಗುವುದೆಂದರೆ ಎಚ್ಚರದಪ್ಪಿ ಬೀಳುವುದು. ‘ಕೋಪ್ ವಿತ್’ ಎಂಬಲ್ಲಿ ಇಲ್ಲದ ‘ಅಪ್’ ಎಂಬುದನ್ನು ತುರುಕಿ ‘ಕೋಪ್ ಅಪ್ ವಿತ್’ ಎನ್ನುವುದು ಬಹುಶಃ ‘ಪುಟ್ ಅಪ್ ವಿತ್’, ‘ಕೀಪ್ ಅಪ್ ವಿತ್’ ಎಂಬವುಗಳ ಸಹವಾಸದೋಷ. ಇವುಗಳಲ್ಲಿ ಕೆಲವನ್ನು ತಪ್ಪೆನ್ನದೆ ಭಾರತೀಯ ಇಂಗ್ಲಿಷಿನ ರೂಢಿಯೆಂದೇ ಸ್ವೀಕರಿಸಬಹುದು. ಪರದೇಶದ ಓದುಗನಿಗೆ ಬರೆಯುವಾಗ ಮಾತ್ರ ಎಚ್ಚರಬೇಕು.

ಎಚ್ಚರವು ಜೀವನೋಪಾಯದ ಪ್ರಶ್ನೆಯೇ ಆಗುವ ಸಂದರ್ಭಗಳೂ ಇವೆ. ಸಹಕಾರ ಚಳವಳಿಯು ನಮ್ಮ ಭಾಗದಲ್ಲಿ ಆಳವಾಗಿ ಬೇರೂರಿದೆ. ಶಿರಸಿಯ ತೋಟಗಾರರ ಮಾರಾಟ ಸಂಘವು 1923ರಲ್ಲಿಯೇ ಸ್ಥಾಪಿತವಾದುದು. ಸೊಸಾಯಿಟಿಯ ಸಾಲ, ಬ್ಯಾಂಕಿನ ಸಾಲಗಳಿಲ್ಲದ ತೋಟಗಾರನು ವಿರಳ. ಬ್ಯಾಂಕುಗಳು ಇಂತಿಷ್ಟು ಸಾಲವನ್ನು ‘ರೈಟ್ ಆಫ್’ ಮಾಡಿದುವೆಂಬ ವಾರ್ತೆಯು ಬಂದಾಗ ಪತ್ರಿಕೆಗಳು ಅನೇಕ ವೇಳೆ ಅದನ್ನು ‘ಸಾಲ ಮನ್ನಾ’ ಎಂದು ಕನ್ನಡಿಸುತ್ತವೆ. ಇವೆರಡೂ ಒಂದಲ್ಲ. ಮನ್ನಾ ಮಾಡುವುದೆಂದರೆ ಕೊಟ್ಟವನು ತನ್ನ ಹಕ್ಕನ್ನು ಬಿಟ್ಟುಕೊಡುವುದು. ಅದಕ್ಕೆ ಇಂಗ್ಲಿಷಿನಲ್ಲಿ ‘ವೇವ್’ ಎಂಬ ಬೇರೆ ಕ್ರಿಯೆಯುಂಟು. ‘ರೈಟ್ ಆಫ್’ ಮಾಡುವುದೆಂದರೆ ವಸೂಲಾಗುವ ಭರವಸೆಯಿಲ್ಲದ ಬಾಕಿಯನ್ನು ಬ್ಯಾಂಕು ತನ್ನ ಆಸ್ತಿಯ ಲೆಕ್ಕದಿಂದ ತೆಗೆದುಹಾಕುವುದು. ಸಾಲಗಾರನ ಹೊಣೆಯು ಅದರಿಂದ ತೀರುವುದಿಲ್ಲ. ವಸೂಲಿಯ ಕ್ರಮವು ಮುಂದುವರಿಯಬಹುದು. ‘ಆಫ್’ ಎಂಬ ಅವ್ಯಯದ ಅಗಲಿಸುವ ಅರ್ಥವು ಇಲ್ಲಿದೆ ನಿಜ, ಆದರೆ ಅಗಲುವುದು ಸಾಲವು ಪುಸ್ತಕದಿಂದ, ಸಾಲಗಾರನಿಂದಲ್ಲ. ಮನ್ನಾ ಆಯಿತೆಂದು ನಂಬಿ ಕುಳಿತ ರೈತನ ಮನೆಗೆ ನೋಟೀಸು ಬಂದಾಗ ಅವನು ಬ್ಯಾಂಕನ್ನು ಬಯ್ಯುತ್ತಾನೆ. ತಪ್ಪು ಭಾಷಾಂತರದ್ದೆಂದು ಅವನಿಗೆ ಹೇಳುವವರಾರು?

ನಮ್ಮ ವಿಷಯವಾದ ಇತಿಹಾಸದ ಪಠ್ಯಗಳಂತೂ ಗುಚ್ಛಕ್ರಿಯೆಗಳ ಗಣಿ. ದಂಗೆಗಳು ‘ಬ್ರೇಕ್ ಔಟ್’ ಆಗುತ್ತವೆ, ಅವುಗಳನ್ನು ಸರಕಾರವು ‘ಪುಟ್ ಡೌನ್’ ಮಾಡುತ್ತದೆ, ಸೈನ್ಯಗಳು ‘ಫಾಲ್ ಬ್ಯಾಕ್’ ಆಗುತ್ತವೆ, ರಾಜ್ಯಗಳನ್ನು ‘ಟೇಕ್ ಓವರ್’ ಮಾಡಲಾಗುತ್ತದೆ. 1922ರ ಫೆಬ್ರುವರಿಯಲ್ಲಿ ಗಾಂಧೀಜಿಯವರು ಅಸಹಕಾರ ಚಳವಳಿಯನ್ನು ‘ಕಾಲ್ ಆಫ್’ ಮಾಡಿದರೆಂಬುದನ್ನು ಚಳವಳಿಗೆ ಕರೆಕೊಟ್ಟರೆಂದು ತಿಳಿದರೆ ಭಾರತದ ಚರಿತ್ರೆಯೇ ತಲೆಕೆಳಗಾಗುತ್ತದೆ. ಕಿತ್ತೂರಿನ ಕೋಟೆಯ ಮುಂದೆ 1824ರ ಅಕ್ಟೋಬರ 23ರಂದು ಥ್ಯಾಕರೆಯು ಮಡಿದ ಮೇಲೆ ಕೋಟೆಯು ಡಿಸೆಂಬರದವರೆಗೆ ‘ಹೆಲ್ಡ್ ಔಟ್’ ಎಂದರೆ ಅದು ಮಣಿಯದೆ ನಿಂತಿತೆಂದರ್ಥ; ಹೊರಗೆ ಹಿಡಿದ ವಸ್ತುವೊಂದೂ ಅಲ್ಲಿಲ್ಲ. ಹೈದರಾಲಿಯು ಸೋಂದೆಯನ್ನು ಗೆದ್ದಾಗ ಅಲ್ಲಿಯ ಅರಸನು ಗೋವೆಗೆ ಸರಿದು ಘಟ್ಟದ ಕೆಳಗಿನ ಕೆಲವು ಸೀಮೆಗಳನ್ನು ಪೋರ್ತುಗೀಜರಿಗೆ ‘ಮೇಡ್ ಓವರ್’ ಎಂಬಲ್ಲಿ ವಿಷಯವು ಹಸ್ತಾಂತರ, ನಿರ್ಮಾಣವಲ್ಲ.

ಈ ಮಾತನ್ನು ಸಿದ್ದಾಪುರದ ಸಂದರ್ಭದಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಹೇಳಬಹುದು. ಕಾನೂನುಭಂಗದ ಕಾಲದಲ್ಲಿ, 1932ರಲ್ಲಿ, ಸಿದ್ದಾಪುರ ಮತ್ತು ಅಂಕೋಲೆ ತಾಲೂಕುಗಳ ರೈತರು ಕರನಿರಾಕರಣೆ ಮಾಡಿದರು. ಅನೇಕರ ಜಮೀನುಗಳು ಜಪ್ತಿಯಾದವು. ಇಂಥ ಪ್ರಸಂಗವನ್ನು ಇಂಗ್ಲಿಷಿನಲ್ಲಿ ವರ್ಣಿಸುವಾಗ ‘ಗೇವ್ ಅಪ್’ ಎಂದರೂ ಆಗಬಹುದು, ‘ಗೇವ್ ಇನ್’ ಎಂದರೂ ಆಗಬಹುದು. ಅಕ್ಷರದಲ್ಲಿ ಅಂತರವು ಅತ್ಯಲ್ಪ. ರೈತರು ಜಮೀನನ್ನು ‘ಗೇವ್ ಅಪ್’ ಎಂದರೆ ತತ್ತ್ವಕ್ಕಾಗಿ ಭೂಮಿಯನ್ನು ತ್ಯಜಿಸಿದರು. ರೈತರು ‘ಗೇವ್ ಇನ್’ ಎಂದರೆ ಸರಕಾರಕ್ಕೆ ಶರಣಾದರು. ‘ಕೊಟ್ಟುಬಿಟ್ಟರು’ ಎಂಬ ಒಂದೇ ಭಾಷಾಂತರವು ಎರಡಕ್ಕೂ ಹೊಂದುವಂತೆ ಕಾಣುವುದರಿಂದ, ತ್ಯಾಗ ಮಾಡಿದವರನ್ನು ಶರಣಾದವರ ಸಾಲಿಗೆ ಸೇರಿಸಿಬಿಡುವ ಸಂಭವವುಂಟು.

‘ಗಿವ್ ಅಪ್’ ಎಂಬುದಕ್ಕ ಕಂದಾಯದ ಪರಿಭಾಷೆಯಲ್ಲಿ ಇನ್ನೂ ಒಂದು ವಿಶೇಷಾರ್ಥವಿತ್ತು. 1879ರ ಮುಂಬಯಿ ಭೂಕಂದಾಯ ಕಾಯಿದೆಯ ಕಾಲದ ವ್ಯವಹಾರದಲ್ಲಿ ರೈತನು ತನ್ನ ಹಿಡುವಳಿಯನ್ನು ಬಿಟ್ಟುಕೊಡುವುದಾಗಿ ಬರೆದುಕೊಡುವ ಪತ್ರಕ್ಕೆ ರಾಜೀನಾಮೆಯೆಂದು ಹೆಸರು; ಹೊಸದಾಗಿ ಒಪ್ಪಿ ಹಿಡಿಯುವವನು ಬರೆದುಕೊಡುವುದು ಕಬೂಲಾಯತಿ. ‘ಗಿವನ್ ಅಪ್’ ಎಂಬುದರ ಹಿಂದೆ ರಾಜೀನಾಮೆಯೂ, ‘ಟೇಕನ್ ಅಪ್’ ಎಂಬುದರ ಹಿಂದೆ ಕಬೂಲಾಯತಿಯೂ ಇರುವ ಸಂಭವವನ್ನು ಓದುವವನು ನೆನಪಿನಲ್ಲಿಡಬೇಕು. ಇಂದು ರಾಜೀನಾಮೆಯೆಂದರೆ ಮಂತ್ರಿಗಳದೋ ನೌಕರರದೋ ಆಗಿರುವುದರಿಂದ ಹಳೆಯ ದಫ್ತರಗಳಲ್ಲಿ ರೈತನ ರಾಜೀನಾಮೆಯನ್ನು ಕಂಡವರು ಬೆಚ್ಚುವುದು ಸಹಜ.

ಅರಣ್ಯದ ಕಾಗದಗಳಲ್ಲಿ ಈ ವಿವೇಕವು ಮತ್ತಷ್ಟು ಬೇಕು. 1878ರ ಭಾರತೀಯ ಅರಣ್ಯ ಕಾಯಿದೆಯ ಅನಂತರ ತೋಟಗಾರರ ಸೊಪ್ಪಿನ ಬೆಟ್ಟದ ಸವಲತ್ತುಗಳ ವಿಷಯವಾಗಿ ನಡೆದ ವಾದವಿವಾದಗಳು ಈ ತಾಲೂಕುಗಳ ಇತಿಹಾಸದ ತಿರುಳು. ಒಂದು ಪ್ರದೇಶವನ್ನು ಯಾವುದೋ ಉಪಯೋಗಕ್ಕಾಗಿ ‘ಸೆಟ್ ಅಪಾರ್ಟ್’ ಮಾಡಿದರೆ ಅದನ್ನು ಕಾದಿರಿಸಿದಂತೆ. ಸಾಗುವಳಿಗೆ ‘ಥ್ರೋನ್ ಓಪನ್’ ಮಾಡಿದರೆ ತೆರವುಮಾಡಿ ಕೊಟ್ಟಂತೆ. ಒಂದು ಹಕ್ಕಿನ ಕೋರಿಕೆಯನ್ನು ‘ಥ್ರೋನ್ ಔಟ್’ ಮಾಡಿದರೆ ತಳ್ಳಿಹಾಕಿದಂತೆ. ಮರವನ್ನು ‘ಕಟ್ ಡೌನ್’ ಮಾಡುವುದು ಬುಡದಿಂದ ಕಡಿಯುವುದು, ಕೊಂಬೆಯನ್ನು ‘ಲಾಪ್ ಆಫ್’ ಮಾಡುವುದು ಸವರುವುದು. ಸೊಪ್ಪು ಸವರುವ ಸವಲತ್ತಿಗೂ ಮರ ಕಡಿದ ಅಪರಾಧಕ್ಕೂ ನಡುವಣ ಗಡಿಯು ಕೆಲವೊಮ್ಮೆ ಈ ಎರಡು ಅವ್ಯಯಗಳಷ್ಟೇ ದಪ್ಪವಾಗಿದೆ. ಅಜ್ಜನ ಕಾಲದ ಕಾಗದವನ್ನು ಹಿಡಿದು ಬೆಟ್ಟದ ವಿಷಯವನ್ನು ಕೇಳಲು ಬರುವ ಮನೆತನದವರಿಗೆ ಅದರ ಅರ್ಥ ಹೇಳುವವನು ‘ಡೌನ್’ ಮತ್ತು ‘ಆಫ್’ಗಳನ್ನು ಅಲಕ್ಷಿಸಿದರೆ, ಅದು ಕೇವಲ ಶಾಲೆಯ ಅಂಕಗಳ ಪ್ರಶ್ನೆಯಾಗಿ ಉಳಿಯದು.

ಇವುಗಳನ್ನು ಕಲಿಸುವ ಪದ್ಧತಿಯ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಪರೀಕ್ಷೆಯ ಮಾರ್ಗದರ್ಶಿಗಳಲ್ಲಿ ಗುಚ್ಛಕ್ರಿಯೆಗಳನ್ನು ಅಕಾರಾದಿಯಾಗಿ ನೂರಾರು ಸಂಖ್ಯೆಯಲ್ಲಿ ಪಟ್ಟಿಮಾಡಿ, ಎದುರಿಗೆ ಒಂದೊಂದು ಇಂಗ್ಲಿಷ್ ಪರ್ಯಾಯವನ್ನು ಕೊಟ್ಟಿರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನು ‘ಪುಟ್ ಅಪ್ ವಿತ್’ ಎದುರಿಗೆ ‘ಟಾಲರೇಟ್’ ಎಂದು ಬಾಯಿಪಾಠ ಮಾಡಿದರೆ ಒಂದು ಅಪರಿಚಿತಕ್ಕೆ ಇನ್ನೊಂದು ಅಪರಿಚಿತವನ್ನು ಕಟ್ಟಿದಂತಾಯಿತು. ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಬಂದಿದೆ. ಆದರೂ ಪಟ್ಟಿಗಳ ಮೋಹ ಹಿಂಗಿಲ್ಲ. ಅದಕ್ಕೆ ಬದಲಾಗಿ ಒಂದೊಂದು ಅವ್ಯಯವನ್ನು ಹಿಡಿದು, ‘ಅಪ್’ ಎಂಬುದು ಎಲ್ಲಿ ಏರಿಕೆ, ಎಲ್ಲಿ ಪೂರ್ಣತೆ. ‘ಆಫ್’ ಎಂಬುದು ಎಲ್ಲಿ ಅಗಲಿಕೆ, ಎಲ್ಲಿ ನಿಲುಗಡೆ. ‘ಔಟ್’ ಎಂಬುದು ಎಲ್ಲಿ ಹೊರಬೀಳುವಿಕೆ, ಎಲ್ಲಿ ಕೊನೆಮುಟ್ಟುವಿಕೆ ಎಂದು ಗುಂಪುಮಾಡಿ, ಪಕ್ಕದಲ್ಲಿ ಕನ್ನಡದ ಕೈಬಿಡು, ತಲೆದೋರು, ತಿಂದುಬಿಡು, ಮುರಿದುಹೋಗುಗಳನ್ನು ಇಟ್ಟು ತೋರಿಸುವುದು ಮೇಲು. ತನ್ನ ಭಾಷೆಯಲ್ಲಿಯೂ ಇಂಥದೇ ಚಮತ್ಕಾರವಿದೆಯೆಂದು ತಿಳಿದ ಹುಡುಗನಿಗೆ ಅಂಜಿಕೆಯು ಅರ್ಧ ಕಡಿಮೆಯಾಗುತ್ತದೆ.

ಕನ್ನಡದ ಕೋಶಗಳಿಂದಲೂ ಈ ಕಾರ್ಯಕ್ಕೆ ಸಹಾಯ ದೊರೆತೀತು. 1894ರ ಕಿಟ್ಟೆಲ್ ಕೋಶದಲ್ಲಿ ಕನ್ನಡದ ಜೋಡುಕ್ರಿಯೆಗಳಿಗೆ ಕೊಟ್ಟ ಇಂಗ್ಲಿಷ್ ಅರ್ಥಗಳನ್ನು ನೋಡಿದರೆ, ಗುಚ್ಛಕ್ರಿಯೆಗಳಿಗೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಹಿಮ್ಮುಖದ ದಾರಿಯೊಂದು ತೆರೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟಿನಿಂದ ಮುಮ್ಮುಖದ ದಾರಿಯು ದೊರೆಯುತ್ತದೆ. ಆದರೆ ಕಂದಾಯ, ಅರಣ್ಯ, ಸಹಕಾರ ಈ ಮೂರು ವಿಭಾಗಗಳಲ್ಲಿ ಬಳಕೆಯಾದ ಗುಚ್ಛಕ್ರಿಯೆಗಳನ್ನು, ಅವು ಬಂದ ವಾಕ್ಯ, ಇಸವಿ, ಕಚೇರಿಯ ಹೆಸರುಗಳ ಸಹಿತ ಬೇರೆಯಾಗಿ ಪಟ್ಟಿಮಾಡುವ ಕೆಲಸವು ದಫ್ತರಗಳಲ್ಲಿ ಕುಳಿತೇ ಆಗಬೇಕಾದುದು. ಮೂರು ತಾಲೂಕುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಕಾಗದದ ಕಟ್ಟನ್ನು ವಹಿಸಿಕೊಂಡರೂ ಸಾಕು. ಪ್ರಾರಂಭಕ್ಕೆ ‘ಟೇಕನ್ ಅಪ್’ ಎಂಬುದೊಂದನ್ನೇ ಹಿಡಿದು, ಅದು ಬಂದಲ್ಲೆಲ್ಲ ಕರ್ತೃವು ರೈತನೋ ಸರಕಾರವೋ ಎಂದು ಗುರುತುಹಾಕುತ್ತ ಹೋಗಬಹುದು.